ಮೂಡಲ ಸೀಮೆಯ ಕಾವಲು

ಬೆಂಗಳೂರಿನಿಂದ ಮೂಡಲ ದಿಕ್ಕಿಗೆ ಹೊರಟ ಬಸ್ಸು ಹೊಸಕೋಟೆ, ನರಸಾಪುರಗಳನ್ನು ಹಿಂದಿಕ್ಕಿ ಕೋಲಾರವನ್ನು ಸೇರುವ ಹೊತ್ತಿಗೆ ಪ್ರಯಾಣಿಕರಲ್ಲಿ ಅರ್ಧದಷ್ಟು ಜನ ಇಳಿದುಹೋಗಿರುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ಮುಳಬಾಗಿಲಿನವರು. ಅಲ್ಲಿಯ ಆಂಜನೇಯನ ದರ್ಶನಕ್ಕೆ ಬಂದವರು, ಕುರುಡುಮಲೆಯ ಗಣಪತಿಯನ್ನು ನೋಡಬೇಕೆಂದವರು, ಆವಣಿಯ ಬೆಟ್ಟದ ಮೇಲೆ ಸೀತಾದೇವಿಯ ಕಥೆಯನ್ನು ಅರಸಿ ಹೊರಟವರು, ಇವು ಯಾವುವೂ ಇಲ್ಲದೆ ಹೆಸರುವಾಸಿಯಾದ ಮುಳಬಾಗಿಲು ದೋಸೆಯನ್ನು ಅದರ ತವರಿನಲ್ಲಿಯೇ ತಿಂದು ಬರೋಣವೆಂದು ಹೊರಟ ರಸಿಕರು, ಎಲ್ಲರೂ ಇಲ್ಲಿ ಇಳಿಯುತ್ತಾರೆ. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು ಇದು ಎಂಬ ಅಭಿಮಾನದಿಂದ ಇಳಿಯುವವರೂ ಉಂಟು. ಮುಳಬಾಗಿಲನ್ನು ದಾಟಿ ಬೈರಕೂರಿಗೆ ಹೋಗುವವರು ಮಾತ್ರ ಬೈರಕೂರಿನವರೇ.

ಬೈರಕೂರು ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ. ಪ್ರವಾಸಿಗರ ಕೈಪಿಡಿಗಳಲ್ಲಿ ಅದರ ಹೆಸರನ್ನು ಹುಡುಕಿದರೆ ಸಿಕ್ಕುವುದು ಕಷ್ಟ. ನಾಡ ಕಚೇರಿ, ರೈತ ಸಂಪರ್ಕ ಕೇಂದ್ರ, ಪಂಚಾಯಿತಿ ಕಟ್ಟಡ, ಶಾಲೆ, ಹಾಲಿನ ಡೈರಿ, ನಾಲ್ಕಾರು ಅಂಗಡಿಗಳು. ಹೋಬಳಿಯ ಊರೊಂದರಲ್ಲಿ ಏನೇನಿರಬೇಕೋ ಅಷ್ಟೇ ಸಲಕರಣೆ. ಸುತ್ತ ರಾಗಿಯ ಹೊಲ, ಟೊಮೆಟೊ ತೋಟ, ಮಾವಿನ ಸಾಲು, ಅಲ್ಲಲ್ಲಿ ಆನೆ ಮಲಗಿದಂತೆ ಕಾಣುವ ಹೆಬ್ಬಂಡೆಗಳು. ಮೂಡಲಿಗೆ ಸ್ವಲ್ಪ ಸಾಗಿದರೆ ಆಂಧ್ರದ ಚಿತ್ತೂರು ಸೀಮೆ. ಹೆದ್ದಾರಿಯ ಮೇಲೆ ಗಡಿಯನ್ನು ಕಾಯುತ್ತ ಕುಳಿತಿರುವ ನಂಗಲಿ ಚರಿತ್ರೆಯನ್ನು ಓದಿದವರಿಗೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡಿನ ಜೊತೆಗೆ ನಂಗಲಿಯ ಹೆಸರೂ ಬರುತ್ತದೆ. ಅವನ ರಾಜ್ಯದ ಮೂಡಣ ಎಲ್ಲೆ ಅದು. ಇಂದಿಗೂ ಇಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತಾಡುತ್ತವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡರ ಬೆರಕೆ. ಹಸುವಿಗೆ ಬೇಕಾದರೆ ಮೂರನೆಯ ಭಾಷೆ!

ಇಂಥ ಊರಿನಲ್ಲಿ ನೋಡುವುದೇನಿದೆ ಎಂದು ವಾಚಕರು ಕೇಳಬಹುದು. ನೋಡಬೇಕಾದದ್ದು ಕೆರೆ, ತೋಪು, ಮತ್ತು ಅವುಗಳನ್ನು ಕಾಯುವ ಕೆಲಸ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ನದಿ ನಂದಿಯ ಸೀಮೆಯಲ್ಲಿ ಹುಟ್ಟಿ ಈ ಜಿಲ್ಲೆಯನ್ನು ಹಾದು ಆಂಧ್ರಕ್ಕೂ ಅಲ್ಲಿಂದ ತಮಿಳುನಾಡಿಗೂ ಹೋಗುತ್ತದಾದರೂ ಅದರ ಪಾತ್ರದಲ್ಲಿ ನೀರಿಗಿಂತ ಮರಳನ್ನು ಕಂಡವರೇ ಹೆಚ್ಚು. ವರ್ಷಕ್ಕೆ ಬೀಳುವ ಮಳೆ ಸುಮಾರು ಏಳುನೂರು ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಆ ಕೆಲವು ದಿನಗಳ ನೀರನ್ನು ಹಿಡಿದಿಟ್ಟುಕೊಂಡರೆ ವರ್ಷದ ಬಾಳು, ಬಿಟ್ಟರೆ ಬರ. ಈ ಲೆಕ್ಕವನ್ನು ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಮಾಡಿ ಮುಗಿಸಿದ್ದರು. ಕರ್ನಾಟಕದಲ್ಲಿರುವ ಕೆರೆಗಳು 36 ಸಾವಿರಕ್ಕೂ ಹೆಚ್ಚು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವುದಕ್ಕೆ ಮುಂಚಿನ ಅವಿಭಕ್ತ ಕೋಲಾರ ಜಿಲ್ಲೆಯೊಂದರಲ್ಲಿಯೇ ಅವು ಸಾವಿರಗಳ ಲೆಕ್ಕದಲ್ಲಿದ್ದವು.

ಈ ಕೆರೆಗಳು ಬಿಡಿಬಿಡಿಯಾಗಿ ಕುಳಿತವಲ್ಲ. ದಿಣ್ಣೆಯ ಮೇಲಣ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಬರುತ್ತದೆ. ಅದು ತುಂಬಿದರೆ ಅದರ ಕೋಡಿ ಇನ್ನೊಂದು ಊರಿಗೆ ಕೊಡುತ್ತದೆ. ದಾರಕ್ಕೆ ಪೋಣಿಸಿದ ಮಣಿಗಳಂತೆ ಕೆರೆಯಿಂದ ಕೆರೆಗೆ ಸಂಬಂಧ. ಮೇಲಿನ ಊರಿನವನು ಕಾಲುವೆಯನ್ನು ಒತ್ತಿ ಉತ್ತರೆ ಕೆಳಗಿನ ಊರಿನವನ ಬಾವಿ ಬತ್ತುತ್ತದೆ. ಮೇಲಿನ ಏರಿ ಒಡೆದರೆ ಕೆಳಗಿನ ಏರಿಗಳಿಗೆ ಸರದಿಯ ಮೇಲೆ ಆಪತ್ತು. ಆದ್ದರಿಂದ ಕೆರೆ ಎಂದರೆ ನೆರೆಹೊರೆಯ ಒಂದು ಕರಾರು ಎಂದೇ ಈ ಸೀಮೆಯವರು ತಿಳಿದಿದ್ದರು.

ಆ ಕರಾರನ್ನು ಅವರು ಕಲ್ಲಿನ ಮೇಲೂ ಬರೆಸಿಟ್ಟರು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿಹಾಕಿದರೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಎದುರಾಗುತ್ತವೆ. ಕೆರೆಯ ರಕ್ಷಣೆಗೆಂದು ಬಿಟ್ಟುಕೊಟ್ಟ ಆದಾಯ ಬಿತ್ತುವಟ್ಟ. ಕೆರೆಯನ್ನು ಕಟ್ಟಿದವನಿಗೆ, ಕಾದವನಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ವಿಜಯನಗರದ ಕಾಲದಲ್ಲಿ ಮುಳುವಾಯಿ ಎನ್ನಿಸಿಕೊಂಡ ಮುಳಬಾಗಿಲು ಒಂದು ರಾಜ್ಯದ ಮುಖ್ಯ ಪಟ್ಟಣ. ಬುಕ್ಕರಾಯನ ಮಗ ಕಂಪಣನೂ, ಮುಂದೆ 'ಶಿವತತ್ತ್ವ ಚಿಂತಾಮಣಿ'ಯನ್ನು ಬರೆದ ಲಕ್ಕಣ್ಣ ದಂಡೇಶನೂ ಇಲ್ಲಿಂದ ಆಡಳಿತ ನಡೆಸಿದವರು. ಅರಸರು, ದಂಡನಾಯಕರು ಬಂದರು, ಹೋದರು. ಕೆರೆಯ ತೂಬನ್ನು ದಿನದಿನವೂ ತೆರೆದು ಮುಚ್ಚಿದವನು ಮಾತ್ರ ನೀರಗಂಟಿ.

ನೀರಗಂಟಿಯ ಹುದ್ದೆ ವಂಶಪಾರಂಪರ್ಯವಾದದ್ದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ವರ್ಷ ಭತ್ತ, ಯಾವ ವರ್ಷ ರಾಗಿಯೇ ಸಾಕು, ಏರಿಯ ಮೇಲೆ ಇಲಿಯ ಬಿಲ ಎಲ್ಲಿ, ತೂಬಿನ ಕಲ್ಲು ಯಾವ ಮಗ್ಗುಲಲ್ಲಿ ಸಡಿಲ, ಎಲ್ಲವೂ ಅವನ ತಲೆಯಲ್ಲಿ. ಅವನು ಸಾಮಾನ್ಯವಾಗಿ ಊರ ಹೊರಗಿನ ಕೇರಿಯವನು. ಅವನ ಮನೆಯೊಳಗೆ ಕಾಲಿಡದ ದೊಡ್ಡ ರೈತನೂ ತನ್ನ ಗದ್ದೆಯ ನೀರಿನ ಸರದಿಗೆ ಅವನ ಮಾತನ್ನೇ ಕೇಳಬೇಕಾಗಿತ್ತು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನಿಗೆ ಇಷ್ಟು ಮೊರವೆಂದು ಧಾನ್ಯ ಸಲ್ಲುತ್ತಿತ್ತು. ಈ ಏರ್ಪಾಟಿನಲ್ಲಿ ವಿವೇಕವೂ ಇತ್ತು, ಅನ್ಯಾಯವೂ ಇತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನಿನೊಂದಿಗೆ ವಂಶದ ಹುದ್ದೆಗಳು ಹೋದವು. ಹೋದದ್ದು ನ್ಯಾಯವೇ. ಆದರೆ ಏರಿಯ ಮೇಲೆ ರಾತ್ರಿ ಲಾಂದ್ರ ಹಿಡಿದು ನಡೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬರೆಯುವುದನ್ನು ಕಾನೂನು ಮರೆಯಿತು.

ಆ ಬಳಿಕ ಕೊಳವೆ ಬಾವಿ ಬಂದಿತು. ಕೆರೆ ಊರಿನದು, ಕೊಳವೆ ಬಾವಿ ತನ್ನದು. ನೂರಡಿಗೆ ಸಿಕ್ಕುತ್ತಿದ್ದ ನೀರು ಸಾವಿರ ಅಡಿಯ ಕೆಳಗೆ ಇಳಿಯಿತು. ಕೆಲವೆಡೆ ಸಾವಿರದೈನೂರು ಅಡಿ ಕೊರೆದರೂ ಬಂದದ್ದು ಬಿಳಿಯ ಕಲ್ಲಿನ ಧೂಳು. ಬಂದ ನೀರಿನಲ್ಲಿಯೂ ಹಲವೆಡೆ ಫ್ಲೋರೈಡ್ ಎಂಬ ದೋಷ. ಜಿಲ್ಲೆಯ ಅಂತರ್ಜಲವನ್ನು ಮಿತಿಮೀರಿ ಬಳಸಲಾಗಿದೆ ಎಂದು ಸರ್ಕಾರದ ವರದಿಗಳೇ ವರ್ಷ ವರ್ಷವೂ ಹೇಳಿವೆ. ಅತ್ತ ಕೆರೆಯಲ್ಲಿ ಹೂಳು, ಹೂಳಿನ ಮೇಲೆ ಜಾಲಿ. 2002ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಕೆಲಸ ಆರಂಭವಾದಾಗ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಕೆರೆಯ ಯಜಮಾನಿಕೆಯನ್ನು ಮತ್ತೆ ಊರಿಗೇ ಒಪ್ಪಿಸಬೇಕೆಂಬುದು ಅದರ ಆಶಯ. ಕೆಲವು ಸಂಘಗಳು ಬಾಳಿದವು. ಕೆಲವು ಕಾಮಗಾರಿಯ ಬಿಲ್ಲಿನೊಡನೆ ಮುಗಿದುಹೋದವು.

ಅದೇ 2002ರಲ್ಲಿ ದೆಹಲಿಯ ಸಂಸತ್ತು ಜೀವವೈವಿಧ್ಯ ಅಧಿನಿಯಮವನ್ನು ಅಂಗೀಕರಿಸಿತು. ಅದರ 41ನೆಯ ಕಲಮಿನ ಪ್ರಕಾರ ಪ್ರತಿಯೊಂದು ಪಂಚಾಯಿತಿಯೂ ಪುರಸಭೆಯೂ ತನ್ನದೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿಕೊಳ್ಳಬೇಕು. 2004ರ ನಿಯಮಗಳು ಒಬ್ಬ ಅಧ್ಯಕ್ಷರನ್ನೂ ಆರಕ್ಕೆ ಮೀರದಷ್ಟು ಸದಸ್ಯರನ್ನೂ ಹೇಳಿದವು; ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕಾಗಿತ್ತು, ಪರಿಶಿಷ್ಟರಿಗೂ ಪಾಲಿರಬೇಕಾಗಿತ್ತು. ಸಂಬಳದ ಮಾತಿಲ್ಲ. ಕುರ್ಚಿ, ಮೇಜು, ಜೀಪುಗಳ ಮಾತೂ ಇಲ್ಲ. ಊರಿನ ಗಿಡಮರ, ಪ್ರಾಣಿಪಕ್ಷಿ, ಬೀಜ, ಬಿತ್ತನೆ, ನೀರು, ನೆಲ, ಇವುಗಳ ವಿಚಾರವಾಗಿ ಊರಿನವರೇ ಕುಳಿತು ಯೋಚಿಸಬೇಕು, ಅದನ್ನು ಒಂದು ದಾಖಲೆಯ ಪುಸ್ತಕದಲ್ಲಿ ಬರೆದಿಡಬೇಕು. ಬಹುಕಾಲ ಈ ಸಮಿತಿಗಳು ಅನೇಕ ಕಡೆ ಹುಟ್ಟಲೇ ಇಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಗಡುವು ಕೊಟ್ಟು, ತಪ್ಪಿದ ರಾಜ್ಯಗಳಿಗೆ ದಂಡ ವಿಧಿಸುವುದಾಗಿ ಹೇಳಿದ ಮೇಲೆ ದೇಶದಾದ್ಯಂತ ಅವಸರ ಅವಸರವಾಗಿ ರಚನೆಯಾದವು. ಅವಸರದಲ್ಲಿ ಹುಟ್ಟಿದ ಕೂಸಿಗೆ ಆರೈಕೆ ಹೆಚ್ಚು ಬೇಕು.

ಇಂಥ ಏರ್ಪಾಟು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು 1957ರಲ್ಲಿ ಒಂದು ಕಾನೂನು ಮಾಡಿ, ಪ್ರತಿ ಸಣ್ಣ ಊರೂ ತನ್ನ ಜೌಗು, ತೊರೆ, ಕಾಡುಗಳ ರಕ್ಷಣೆಗೆ ಊರಿನವರದೇ ಸಮಿತಿಯನ್ನು ನೇಮಿಸಿಕೊಳ್ಳಲು ಅವಕಾಶ ಕೊಟ್ಟಿತು. ಅಲ್ಲಿಯೂ ಸದಸ್ಯರಿಗೆ ಸಾಮಾನ್ಯವಾಗಿ ಸಂಬಳವಿಲ್ಲ; ಹಗಲೆಲ್ಲ ತಮ್ಮ ಕಸುಬು ಮಾಡಿಕೊಂಡು ಸಂಜೆ ಸಭೆ ಸೇರುತ್ತಾರೆ. ಆದರೆ ಒಂದು ವ್ಯತ್ಯಾಸವುಂಟು. 1972ರ ಕಾನೂನಿನಿಂದ ಅವರಿಗೆ ಅಧಿಕಾರ ದೊರೆಯಿತು: ಜೌಗಿನ ಅಂಚಿನಲ್ಲಿ ಮನೆ ಕಟ್ಟುವವನು ಮೊದಲು ಅವರ ಅಪ್ಪಣೆ ಪಡೆಯಬೇಕು. ನಮ್ಮ ಸಮಿತಿಯ ಕೈಯಲ್ಲಿ ಅಂಥ ಕೋಲಿಲ್ಲ. ಅದರ ಕೈಯಲ್ಲಿರುವುದು ಒಂದು ಪುಸ್ತಕ, ಒಂದು ಲೇಖನಿ, ಮತ್ತು ಊರಿನವರ ದಾಕ್ಷಿಣ್ಯ.

ಆ ಪುಸ್ತಕವನ್ನು ತುಂಬುವುದಾದರೂ ಹೇಗೆ? ಬೈರಕೂರಿನಂಥ ಊರಿನಲ್ಲಿ ಅದಕ್ಕೆ ಪಂಡಿತರು ಬೇಕಾಗಿಲ್ಲ. ಮಳೆ ಬಿದ್ದು ಹದಿನೈದು ದಿನ ಕಳೆದ ಮೇಲೆ ಮಡಿಲು ಕಟ್ಟಿಕೊಂಡು ಹೊಲದ ಬದುವಿನ ಮೇಲೆ ಬಗ್ಗಿ ನಡೆಯುವ ಅಜ್ಜಿಯ ಹಿಂದೆ ಒಂದು ಗಳಿಗೆ ನಡೆದರೆ ಸಾಕು. ಈ ಸೀಮೆಯ ಬೆರಕೆ ಸೊಪ್ಪಿನ ಮಸ್ಸೊಪ್ಪನ್ನು ರಾಗಿ ಮುದ್ದೆಯೊಡನೆ ಉಂಡವರಿಗೆ ಅದರ ರುಚಿಯನ್ನು ವರ್ಣಿಸಬೇಕಾಗಿಲ್ಲ. ಯಾರೂ ಬಿತ್ತದೆ, ಯಾರೂ ನೀರೆರೆಯದೆ ಬೆಳೆದ ಹತ್ತಾರು ಬಗೆಯ ಎಲೆಗಳು ಆ ಮಡಿಲಿನಲ್ಲಿ ಸೇರುತ್ತವೆ. ಅಣ್ಣೆ, ಗೋಣಿ, ಗಣಿಕೆ, ಕೆರೆಯಂಗಳದ ಹೊನಗೊನ್ನೆ, ತೇವದ ಮಗ್ಗುಲಿನ ಒಂದೆಲಗ. ಯಾವುದು ಎಳೆಯದಾದರೆ ಮಾತ್ರ ತಿನ್ನಬೇಕು, ಯಾವುದು ಬಾಣಂತಿಗೆ ಹಿತ, ಯಾವುದನ್ನು ಒಂದು ಹಿಡಿಗಿಂತ ಹೆಚ್ಚು ಹಾಕಿದರೆ ಸಾರು ಕಹಿಯಾಗುತ್ತದೆ ಎಂಬುದು ಅಜ್ಜಿಗೆ ಗೊತ್ತು. ಅವಳ ಸೊಸೆಗೆ ಅದರ ಅರ್ಧ ಗೊತ್ತು. ಮೊಮ್ಮಗಳಿಗೆ ಪಟ್ಟಣದ ಅಂಗಡಿಯ ಪಾಲಕ್ ಗೊತ್ತು.

ಗಡಿಯ ಊರಾದ್ದರಿಂದ ಇನ್ನೊಂದು ಸ್ವಾರಸ್ಯ. ಇಲ್ಲಿ ಒಂದೊಂದು ಗಿಡಕ್ಕೂ ಎರಡೆರಡು ಹೆಸರು. ಕನ್ನಡದ ಹೊನಗೊನ್ನೆ ತೆಲುಗಿನವರ ಬಾಯಲ್ಲಿ ಪೊನ್ನಗಂಟಿ, ಗಣಿಕೆ ಕಾಮಂಚಿಯಾಗುತ್ತದೆ, ಹುಣಿಸೆಗೆ ಚಿಂತ, ಹೊಂಗೆಗೆ ಕಾನುಗ. ಕಚೇರಿಯ ನಮೂನೆಯಲ್ಲಿ ಸ್ಥಳೀಯ ಹೆಸರಿಗೆ ಒಂದು ಕಾಲಮ್ಮು ಇದ್ದರೆ ಇಲ್ಲಿ ಎರಡು ಬೇಕು. ಪುಸ್ತಕ ತುಂಬುವ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟು, ಪಕ್ಕದ ಪಂಚಾಯಿತಿಯ ಪಟ್ಟಿಯನ್ನೇ ನಕಲು ಮಾಡಿಸಿದರೆ ಈ ಎರಡನೆಯ ಹೆಸರು ಅದರಲ್ಲಿ ಇರುವುದಿಲ್ಲ, ಅಜ್ಜಿಯೂ ಇರುವುದಿಲ್ಲ.

ಕೆರೆಯ ಬಳಿಕ ತೋಪು. ಹಳೆಯ ಮೈಸೂರಿನ ಊರುಗಳಿಗೆ ಗುಂಡುತೋಪು ಒಂದು ಅಲಂಕಾರವೂ ಹೌದು, ಆಸ್ತಿಯೂ ಹೌದು. ಹುಣಿಸೆ, ಮಾವು, ಹೊಂಗೆ, ನೇರಳೆ, ಹಲಸು ಸೇರಿದ ಆ ನೆರಳಿನಲ್ಲಿ ಬಂಡಿಗಳು ತಂಗುತ್ತಿದ್ದವು, ಜಾತ್ರೆಯ ಅಡುಗೆ ನಡೆಯುತ್ತಿತ್ತು, ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು, ಹೊಂಗೆಯ ಎಣ್ಣೆ ದೀಪಕ್ಕಾಗುತ್ತಿತ್ತು. ಅದು ಯಾರ ಹೆಸರಿನಲ್ಲಿಯೂ ಇಲ್ಲದ್ದರಿಂದ ಎಲ್ಲರದೂ ಆಗಿತ್ತು; ಅದೇ ಕಾರಣದಿಂದ ಅನೇಕ ಊರುಗಳಲ್ಲಿ ಬಲವಿದ್ದವನದಾಯಿತು. 1980ರ ದಶಕದಲ್ಲಿ ಈ ಜಿಲ್ಲೆಯ ಹೊಲಗಳನ್ನೂ ಗೋಮಾಳಗಳನ್ನೂ ನೀಲಗಿರಿ ಆವರಿಸಿತು. ಬೇಗ ಬೆಳೆಯುವ, ದನ ಮುಟ್ಟದ, ಕಾಗದದ ಕಾರ್ಖಾನೆಗೆ ಬೇಕಾದ ಮರ. ಅದರ ನೆರಳಿನಲ್ಲಿ ಹುಲ್ಲು ಸಹ ಸರಿಯಾಗಿ ಬೆಳೆಯಲಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದಕ್ಕೆ ಮುಂಚೆಯೇ, 2011ರ ಜನವರಿಯಲ್ಲಿ, ಪಂಜಾಬಿನ ಒಂದು ಹಳ್ಳಿಯ ಕೊಳದ ಒತ್ತುವರಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಊರೊಟ್ಟಿನ ನೆಲವನ್ನು ಊರಿಗೆ ಮರಳಿಸುವ ಯೋಜನೆಗಳನ್ನು ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತ್ತು.

ತೋಪು ಉಳಿದರೆ ಏನಾಗುತ್ತದೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ದೇವನಹಳ್ಳಿಯ ಬಳಿ ನಲ್ಲೂರಿನಲ್ಲಿ 54 ಎಕರೆಯ ಹುಣಿಸೆಯ ತೋಪು ಇದೆ. ಮುನ್ನೂರರಷ್ಟು ಮುದಿ ಮರಗಳು. ಒಳಗೆ ಟೊಳ್ಳಾಗಿ, ಹೊರಗೆ ಗಂಟುಗಂಟಾಗಿ, ಆದರೂ ಕಾಯಿ ಬಿಡುತ್ತ ನಿಂತಿವೆ. 2007ರಲ್ಲಿ ಅದು ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಹುಣಿಸೆಯ ಮರದಲ್ಲಿ ದೆವ್ವವಿದೆಯೆಂದು ಹೆದರಿಸಿದ ಹಿರಿಯರ ಮಾತನ್ನು ನಕ್ಕು ತಳ್ಳುವವರೂ, ಆ ಹೆದರಿಕೆಯಿಂದ ಎಷ್ಟು ಮರಗಳು ಕೊಡಲಿಯಿಂದ ಪಾರಾದವೆಂದು ಒಮ್ಮೆ ಯೋಚಿಸಬೇಕು.

ಕೋಲಾರ ಜಿಲ್ಲೆಯದೇ ಇನ್ನೊಂದು ನಿದರ್ಶನ ಇನ್ನೂ ವಿಚಿತ್ರವಾದದ್ದು. ಹನುಮನಹಳ್ಳಿಯ ಬಂಡೆಗಳ ನಡುವಣ ಗುಹೆಯಲ್ಲಿ ಒಂದು ಜಾತಿಯ ಸಣ್ಣ ಬಾವಲಿ ವಾಸಿಸುತ್ತದೆ. ಮೂಗಿನ ಮೇಲೆ ಎಲೆಯಂಥ ಮಡಿಕೆಯಿರುವುದರಿಂದ ಅದಕ್ಕೆ ಕೋಲಾರದ ಎಲೆಮೂಗಿನ ಬಾವಲಿ ಎಂದು ಹೆಸರು. ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಗುರುತಿಸಿ ವರ್ಣಿಸಿದ್ದು 1994ರಲ್ಲಿ. ಲೋಕದಲ್ಲಿ ಮತ್ತೆಲ್ಲಿಯೂ ಅದು ಈಗ ಇರುವುದು ತಿಳಿದಿಲ್ಲ. ಎಣಿಸಿದವರ ಲೆಕ್ಕದಲ್ಲಿ ಇನ್ನೂರಕ್ಕಿಂತ ಕಡಿಮೆ. 2016ರಲ್ಲಿ ಅದನ್ನು ಅಳಿವಿನ ಅಂಚಿಗೆ ತಲುಪಿದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಅದಕ್ಕೆ ಒದಗಿದ ಆಪತ್ತು ಕಲ್ಲುಗಣಿಗಾರಿಕೆ. ಕೆರೆಯ ಏರಿಗೆ ಕಲ್ಲು ಕೊಟ್ಟ ಬೆಟ್ಟಗಳೇ ಪಟ್ಟಣದ ಮನೆಗಳಿಗೆ ಚಪ್ಪಡಿಯಾಗಿ ಹೋಗುವಾಗ, ಗುಹೆಯೊಳಗೆ ತಲೆಕೆಳಗಾಗಿ ತೂಗುವ ಪ್ರಾಣಿಯ ಗತಿಯೇನು? ರಾತ್ರಿ ಹೊರಬಿದ್ದು ಹುಳುಹುಪ್ಪಟೆಗಳನ್ನು ತಿಂದು ಬೆಳಕು ಹರಿಯುವ ಮುನ್ನ ಮರಳುವ ಅದಕ್ಕೆ ಜಿಲ್ಲೆಯ ಹೆಸರಿದೆ ಎಂಬುದು ಜಿಲ್ಲೆಯವರಲ್ಲಿಯೇ ಅನೇಕರಿಗೆ ತಿಳಿಯದು. ಊರಿನ ದಾಖಲೆಯ ಪುಸ್ತಕದಲ್ಲಿ ಬಾವಲಿ ಎಂಬ ಒಂದು ಸಾಲು ಸರಿಯಾಗಿ ಬರೆದಿದ್ದರೆ, ಗಣಿಯ ಅರ್ಜಿ ಬಂದ ದಿನ ಆ ಸಾಲು ಒಂದು ಸಾಕ್ಷಿಯಾಗುತ್ತದೆ.

ಸಾಕ್ಷಿ ಎಂಬ ಮಾತಿನಲ್ಲಿಯೇ ಈ ಕೆಲಸದ ಕಷ್ಟವೆಲ್ಲ ಇದೆ. ಸಸಿ ನೆಡುವ ದಿನ ಸಮಿತಿಗೆ ವಿರೋಧಿಗಳಿರುವುದಿಲ್ಲ. ಎಲ್ಲರೂ ಹಾರೆ ಹಿಡಿದು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಪರೀಕ್ಷೆ ಬರುವುದು ರಾಜಕಾಲುವೆಯ ದಿನ. ಹಳೆಯ ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಅಗಲವಾಗಿ ಹರಿಯುವ ಕಾಲುವೆ ನೆಲದ ಮೇಲೆ ಒಂದು ಮಾರೂ ಉಳಿದಿರುವುದಿಲ್ಲ. ಒತ್ತಿದವನು ಪರಊರಿನ ಧನಿಕನೇ ಆಗಿದ್ದರೆ ಮಾತು ಸುಲಭ. ಹಲವು ವೇಳೆ ಅವನು ಎರಡೆಕರೆಯ ರೈತ, ಸದಸ್ಯನ ಸೋದರಮಾವ, ಅಥವಾ ಕಳೆದ ವರ್ಷ ಮಗಳ ಮದುವೆಗೆ ಅಕ್ಕಿ ಕೊಟ್ಟ ನೆರೆಯವನು. ಸರ್ವೆಯವರು ಸರಪಳಿ ಹಿಡಿದು ಬಂದ ದಿನ "ಇಲ್ಲಿಂದ ಇಲ್ಲಿಯವರೆಗೆ ಕಾಲುವೆ" ಎಂದು ಬೆರಳು ತೋರಿಸಬೇಕಾದವರು ಸಮಿತಿಯವರು. ಅಧಿಕಾರಿ ಸಂಜೆಗೆ ಜೀಪು ಹತ್ತಿ ಹೋಗುತ್ತಾನೆ. ಬೆರಳು ತೋರಿಸಿದವನು ಅದೇ ಬೀದಿಯಲ್ಲಿ ಮರುದಿನ ಹಾಲು ಹಾಕಲು ಹೋಗಬೇಕು, ಅದೇ ಬಾವಿಯ ಕಟ್ಟೆಯಲ್ಲಿ ಅವನ ಹೆಂಡತಿ ನಿಲ್ಲಬೇಕು.

ಇಂಥ ಸಂದರ್ಭದಲ್ಲಿ ಕಾನೂನಿನ ಕಲಮಿಗಿಂತ ಊರಿನ ಹಿರಿಯರ ಒಂದು ಮಾತು ಹೆಚ್ಚು ಉಪಕಾರ ಮಾಡುವುದುಂಟು. "ಅಪ್ಪಾ, ನಿನ್ನ ಕೊಳವೆ ಬಾವಿಗೂ ಈ ಕಾಲುವೆಯ ನೀರೇ ಇಳಿಯಬೇಕು; ಎರಡು ಸಾಲು ರಾಗಿ ಬಿಟ್ಟುಕೊಡು" ಎಂದರೆ ಕೆಲವರು ಬಿಟ್ಟುಕೊಡುತ್ತಾರೆ. ಕೆಲವರು ಕೊಡುವುದಿಲ್ಲ. ಕೊಡದವರ ಎದುರಿನಲ್ಲಿ ಸಂಬಳವಿಲ್ಲದ ಸದಸ್ಯರು ಎಷ್ಟು ದಿನ ನಿಲ್ಲುತ್ತಾರೆಂಬುದರ ಮೇಲೆ ಕೆರೆಯ ಆಯುಸ್ಸು ನಿಂತಿದೆ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾನೂನು 2014ರಲ್ಲಿಯೇ ಬಂದಿದೆ. ಪ್ರಾಧಿಕಾರಕ್ಕೆ ಸಾವಿರಾರು ಕೆರೆಗಳು. ಊರಿಗೆ ತನ್ನದು ಒಂದೋ ಎರಡೋ.

ಈಚಿನ ವರ್ಷಗಳಲ್ಲಿ ಈ ಸೀಮೆಗೆ ಇನ್ನೊಂದು ಬಗೆಯ ನೀರು ಬಂದಿದೆ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ ಕೊಳವೆಯ ಮೂಲಕ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರಿನ ಗುರಿ. 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂದಾಗ ಜನ ಪೂಜೆ ಮಾಡಿದರು. ಮರು ತಿಂಗಳೇ ನೊರೆ ಕಂಡು ಬೆಚ್ಚಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಶಾಶ್ವತ ನೀರಾವರಿಗಾಗಿ ಹೋರಾಡುವವರು ಒತ್ತಾಯಿಸುತ್ತ ಬಂದರು. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತನಿಗೆ ಸಂತೋಷ. ಅದೇ ನೀರು ತರಕಾರಿಗೂ ಹಸುವಿನ ಹಾಲಿಗೂ ಇಳಿಯುವುದಲ್ಲವೆ ಎಂಬ ತಾಯಿಗೆ ಆತಂಕ. ಎರಡೂ ನಿಜವಾದವುಗಳೇ. ಪಟ್ಟಣದ ವಾಚಕರು ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು: ಅವರ ಮನೆಯ ಬಚ್ಚಲಿನಿಂದ ಹೊರಟ ನೀರೇ ತಿರುಗಿ ಕೋಲಾರದ ಟೊಮೆಟೊವಾಗಿ ಅವರ ಅಡುಗೆಮನೆಗೆ ಬರುತ್ತದೆ. ಊರಿನ ಸಮಿತಿಯವನು ಕೆರೆಯಂಚಿನಲ್ಲಿ ನಿಂತು ನೀರಿನ ಬಣ್ಣ ನೋಡಿ, ಮೂಸಿ, ಸತ್ತ ಮೀನಿದ್ದರೆ ಬರೆದಿಟ್ಟುಕೊಂಡನೆಂದರೆ ಅದು ಅವರ ಕೆಲಸವೂ ಹೌದು.

2021ರ ನವೆಂಬರಿನಲ್ಲಿ ಈ ಸೀಮೆಯ ಆಕಾಶ ಬಿರಿದಂತೆ ಮಳೆ ಸುರಿಯಿತು. ರಾಗಿಯ ತೆನೆ ಹೊಲದಲ್ಲಿಯೇ ಮೊಳೆಯಿತು, ರೈತನಿಗೆ ನಷ್ಟವಾಯಿತು. ಆದರೆ ಎಷ್ಟೋ ವರ್ಷಗಳಿಂದ ತುಂಬದಿದ್ದ ಕೆರೆಗಳು ಜಿಲ್ಲೆಯಲ್ಲೆಲ್ಲ ತುಂಬಿ ಕೋಡಿ ಹರಿದವು. ಕೋಡಿಯ ನೀರನ್ನು ಎಂದೂ ಕಂಡಿರದ ಮಕ್ಕಳು ಅದನ್ನು ನೋಡಲು ಓಡಿದರು. ಹೆಂಗಸರು ಬಾಗಿನ ಅರ್ಪಿಸಿದರು. ಆ ನೀರು ಎಲ್ಲಿ ಸರಾಗವಾಗಿ ಹೋಯಿತು, ಎಲ್ಲಿ ದಾರಿ ಕಾಣದೆ ಮನೆಗಳಿಗೆ ನುಗ್ಗಿತು ಎಂದು ನೋಡಿದವರಿಗೆ ಹಳೆಯ ನಕ್ಷೆಯ ಎರಡು ಗೆರೆಗಳ ಅರ್ಥ ಯಾವ ಉಪನ್ಯಾಸವೂ ಇಲ್ಲದೆ ತಿಳಿಯಿತು. ಕಾಲುವೆ ತನ್ನ ಜಾಗವನ್ನು ಮರೆತಿರಲಿಲ್ಲ.

ಮುಳಬಾಗಿಲಿಗೆ ಹೋದವರು ದೇವರ ದರ್ಶನವಾದ ಮೇಲೆ, ದೋಸೆಯೂ ಆದ ಮೇಲೆ, ಇನ್ನೂ ಹೊತ್ತಿದ್ದರೆ ಬೈರಕೂರಿನ ಬಸ್ಸು ಹತ್ತಬಹುದು. ಸಂಜೆಯ ಹೊತ್ತು ಆ ಸೀಮೆಯ ಯಾವುದಾದರೂ ಕೆರೆಯ ಏರಿಯ ಮೇಲೆ ನಡೆದರೆ, ಒಂದು ಕಡೆ ನೀರಿನ ಅಥವಾ ಜಾಲಿಯ ಬಯಲು, ಇನ್ನೊಂದು ಕಡೆ ಅಚ್ಚುಕಟ್ಟಿನ ಹಸಿರು ಕಾಣುತ್ತದೆ. ದನಗಳು ಮನೆಗೆ ಮರಳುತ್ತಿರುತ್ತವೆ. ಮಡಿಲಿನಲ್ಲಿ ಸೊಪ್ಪು ತುಂಬಿಕೊಂಡ ಅಜ್ಜಿ ನಿಧಾನವಾಗಿ ಇಳಿಯುತ್ತಿರುತ್ತಾಳೆ. ಏರಿಯ ಮೇಲೆ ಯಾರಾದರೂ ಒಬ್ಬನು ಬಗ್ಗಿ, ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಆಲದ ಸಸಿಯನ್ನು ಕೀಳುತ್ತಿದ್ದರೆ, ಅವನನ್ನು ಮಾತಾಡಿಸಬೇಕು. ಅವನಿಗೆ ಅದಕ್ಕಾಗಿ ಯಾರೂ ಕೂಲಿ ಕೊಟ್ಟಿರುವುದಿಲ್ಲ. ಆ ಸಸಿಯನ್ನು ಈ ವರ್ಷ ಕೀಳದಿದ್ದರೆ ಹತ್ತು ವರ್ಷಕ್ಕೆ ಏರಿ ಬಿರಿಯುತ್ತದೆಂಬುದು ಅವನಿಗೆ ಗೊತ್ತಿರುತ್ತದೆ, ಅಷ್ಟೆ.